ಊರಿಗಾಗಿ ಒಂದು ಸ್ಪರ್ಧೆ: ರಾಯಚೂರು, ದೇವದುರ್ಗ, ಮಾನ್ವಿಯ ಹೈಸ್ಕೂಲುಗಳಲ್ಲಿ

ಹೈಸ್ಕೂಲು ಮಕ್ಕಳಿಗೆ ಸ್ಪರ್ಧೆಗಳ ಬರವಿಲ್ಲ. ಪ್ರಬಂಧ, ಭಾಷಣ, ರಸಪ್ರಶ್ನೆ, ಪ್ರತಿಭಾ ಕಾರಂಜಿ ಎಂದು ಜೂನ್‌ನಿಂದ ಜನವರಿಯವರೆಗೆ ಶಾಲೆಯ ಸೂಚನಾ ಫಲಕ ಖಾಲಿ ಇರುವುದಿಲ್ಲ. ಆದರೆ ಒಬ್ಬ ಹುಡುಗಿ ತನ್ನ ಓಣಿಯ ನೀರು, ಚರಂಡಿ, ಹೊಲ, ಗಾಳಿಯನ್ನು ತಾನೇ ಅಳೆದು ನೋಡಿ, ಅದರಲ್ಲಿ ಏನನ್ನಾದರೂ ಸರಿಪಡಿಸಲು ಹೊರಟರೆ ಅದನ್ನು ಗುರುತಿಸಿ ಹಣವನ್ನೋ ಮನ್ನಣೆಯನ್ನೋ ಕೊಡುವ ಸ್ಪರ್ಧೆಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ನಮ್ಮ ಜಿಲ್ಲೆಯ ಶಾಲೆಗಳವರೆಗೆ ನಿಜವಾಗಿ ಬಂದು ಮುಟ್ಟಿದವು ಎರಡು. ಒಂದು, 1993ರಿಂದ ನಡೆದುಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ. ಇನ್ನೊಂದು, ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಅವಾರ್ಡ್, ಈಗಿನ ಹೆಸರಿನಲ್ಲಿ ಇನ್‌ಸ್ಪೈರ್ ಅವಾರ್ಡ್ ಮಾನಕ್. ಈ ಎರಡು ಎಲ್ಲಿಂದ ಬಂದವು, ರಾಯಚೂರು ನಗರ, ದೇವದುರ್ಗ, ಮಾನ್ವಿಯ ನೆಲದಲ್ಲಿ ಅವಕ್ಕೆ ಏನು ಕೆಲಸವಿದೆ, ಎಲ್ಲಿ ಎಡವುತ್ತಿವೆ ಎಂಬುದನ್ನು ದಾಖಲಿಸುವುದು ಈ ಲೇಖನದ ಉದ್ದೇಶ.

ರಾಯಚೂರಿನಲ್ಲಿ ಈ ವಿಚಾರಕ್ಕೆ 1993ಕ್ಕಿಂತ ಹಳೆಯ ಬೇರು ಇದೆ. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿನ ಹೈಸ್ಕೂಲು ಓದು ಉರ್ದುವಿನಲ್ಲಿತ್ತು. ಓದಿದವನ ಗುರಿ ಸರ್ಕಾರಿ ನೌಕರಿ. ಅಂಥ ಕಾಲದಲ್ಲಿ, 1920ರ ಸುಮಾರಿಗೆ, ಪಂಡಿತ ತಾರಾನಾಥರು ಈ ಊರಿನಲ್ಲಿ ಹಮ್‌ದರ್ದ್ ರಾಷ್ಟ್ರೀಯ ಶಾಲೆಯನ್ನು ಕಟ್ಟಿದರು. 1891ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ವೈದ್ಯ ಓದಿದ ತಾರಾನಾಥರಿಗೆ ಶಾಲೆ ಎಂದರೆ ಊರಿನ ಆರೋಗ್ಯ, ಊರಿನ ಸ್ವಾಭಿಮಾನಗಳ ಜತೆ ಸೇರಿದ ಸಂಗತಿಯಾಗಿತ್ತು. ಆಮೇಲೆ ಅವರು ನಿಜಾಮರ ಸೀಮೆ ಬಿಟ್ಟು ತುಂಗಭದ್ರಾ ದಂಡೆಯಲ್ಲಿ ಪ್ರೇಮಾಯತನ ಆಶ್ರಮ ಕಟ್ಟಿದ್ದು, ಔಷಧಿ, ಸಂಗೀತ, ಬರವಣಿಗೆಯಲ್ಲಿ ತೊಡಗಿ 1942ರಲ್ಲಿ ತೀರಿಕೊಂಡದ್ದು ಎಲ್ಲರಿಗೂ ತಿಳಿದ ಕಥೆ. ಅವರು ಸ್ಪರ್ಧೆಯನ್ನೇನೂ ನಡೆಸಲಿಲ್ಲ. ಆದರೆ ಓದುವ ಹುಡುಗ ಊರಿಗೆ ಬಾಧ್ಯಸ್ಥ ಎಂಬ ಮಾತು ರಾಯಚೂರಿಗೆ ದಿಲ್ಲಿಯ ಸುತ್ತೋಲೆಯಿಂದ ಬಂದದ್ದಲ್ಲ ಎಂಬುದನ್ನು ಮೊದಲು ಹೇಳಬೇಕಿತ್ತು.

ಸ್ವಾತಂತ್ರ್ಯದ ನಂತರ ಸ್ಪರ್ಧೆಯ ಮೂಲಕ ವಿದ್ಯಾರ್ಥಿವೇತನ ಕೊಡುವ ದೊಡ್ಡ ಪ್ರಯತ್ನ ಎನ್‌ಸಿಇಆರ್‌ಟಿಯದು. ರಾಷ್ಟ್ರೀಯ ವಿಜ್ಞಾನ ಪ್ರತಿಭಾ ಶೋಧ ಎಂಬ ಹೆಸರಿನಲ್ಲಿ 1963ರಲ್ಲಿ ದಿಲ್ಲಿಯಲ್ಲಿ ಮಾತ್ರ 10 ವಿದ್ಯಾರ್ಥಿವೇತನಗಳೊಂದಿಗೆ ಅದು ಶುರುವಾಯಿತು. ಮರುವರ್ಷ ಇಡೀ ದೇಶಕ್ಕೆ ಹರಡಿ ಸಂಖ್ಯೆ 350ಕ್ಕೆ ಏರಿತು. ಇಂದು ಬಹುಮಂದಿ ಮರೆತಿರುವ ವಿಷಯವೊಂದಿದೆ. ಆಗಿನ ಆಯ್ಕೆಯಲ್ಲಿ ಲಿಖಿತ ಪರೀಕ್ಷೆ, ಪ್ರಬಂಧ, ಸಂದರ್ಶನದ ಜತೆ ವಿದ್ಯಾರ್ಥಿಯೇ ಮಾಡಿದ ಒಂದು ಪ್ರಾಜೆಕ್ಟ್ ವರದಿಯನ್ನೂ ಒಪ್ಪಿಸಬೇಕಿತ್ತು. ಕೈಯಿಂದ ಮಾಡಿದ ಕೆಲಸ ಮತ್ತು ವಿದ್ಯಾರ್ಥಿವೇತನ ಒಂದೇ ಅರ್ಜಿಯಲ್ಲಿ ಕೂಡಿದ್ದವು. 1976ರಲ್ಲಿ 10+2+3 ಪದ್ಧತಿಗೆ ತಕ್ಕಂತೆ ಯೋಜನೆ ಬದಲಾಯಿತು. ಸಮಾಜವಿಜ್ಞಾನ ಸೇರಿತು, ವಿದ್ಯಾರ್ಥಿವೇತನ 500 ಆಯಿತು, ಸಂವಿಧಾನ ಒಪ್ಪಿದ ಭಾಷೆಗಳಲ್ಲಿ ಪರೀಕ್ಷೆ ಬರೆಯುವ ಅವಕಾಶ ಸಿಕ್ಕಿತು. ಕನ್ನಡದ ಮಕ್ಕಳಿಗೆ ಬಾಗಿಲು ತೆರೆದದ್ದು ದೊಡ್ಡ ಲಾಭವೇ. ಆದರೆ ಅದೇ ಬದಲಾವಣೆಯಲ್ಲಿ ಪ್ರಾಜೆಕ್ಟ್ ಹೊರಗೆ ಬಿದ್ದು, ಸರಿಯುತ್ತರಕ್ಕೆ ಗುರುತು ಹಾಕುವ ವಸ್ತುನಿಷ್ಠ ಪರೀಕ್ಷೆ ಮತ್ತು ಸಂದರ್ಶನವಷ್ಟೇ ಉಳಿದವು. ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆಯಾಗಿ ನಡೆದ ಆ ಯೋಜನೆ 2021ರ ನಂತರ ನಿಂತುಹೋಗಿದೆ. ಹಣ ಒಂದು ದಾರಿ ಹಿಡಿದು, ಊರಿನ ಕೆಲಸ ಇನ್ನೊಂದು ದಾರಿ ಹಿಡಿದದ್ದು ಆ 1976ರಲ್ಲಿ ಎಂದು ನನ್ನ ತಿಳಿವಳಿಕೆ. ಇಂದಿಗೂ ಅವೆರಡು ಪೂರ್ತಿ ಕೂಡಿಲ್ಲ.

ಪ್ರಾಜೆಕ್ಟನ್ನು ಮತ್ತೆ ಮಕ್ಕಳ ಕೈಗೆ ಕೊಟ್ಟದ್ದು ಜನವಿಜ್ಞಾನ ಚಳವಳಿ. 1987ರ ಅಕ್ಟೋಬರ್ 2ರಂದು ದೇಶದ ಹಲವು ಮೂಲೆಗಳಿಂದ ಹೊರಟ ಭಾರತ ಜನವಿಜ್ಞಾನ ಜಾಥಾ ನವೆಂಬರ್ 7ರಂದು ಭೋಪಾಲದಲ್ಲಿ ಕೂಡಿತು. ಹಾಡು, ಬೀದಿನಾಟಕ, ದೂರದರ್ಶಕ ಹೊತ್ತು ಊರೂರು ತಿರುಗಿದ ಆ ಕಾರ್ಯಕರ್ತರಿಗೆ ಎದುರಾದ ಪ್ರಶ್ನೆ ಒಂದೇ: ಜಾಥಾ ಹೋದ ಮೇಲೆ ಏನು? ಅದಕ್ಕೆ ಸಿಕ್ಕ ಉತ್ತರಗಳಲ್ಲಿ ಮಕ್ಕಳ ವಿಜ್ಞಾನ ಸಮಾವೇಶ ಒಂದು. ವಿಜ್ಞಾನ ಸಂವಹನ ಮಂಡಳಿಯ ಬೆಂಬಲದೊಂದಿಗೆ 1993ರಲ್ಲಿ ಅದು ರಾಷ್ಟ್ರಮಟ್ಟದ ಕಾರ್ಯಕ್ರಮವಾಯಿತು. ಕರ್ನಾಟಕದಲ್ಲಿ ಹೊಣೆ ಹೊತ್ತದ್ದು 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಅದಕ್ಕೂ ಮೊದಲೇ, 1978ರಲ್ಲಿ, ಜೆ.ಆರ್. ಲಕ್ಷ್ಮಣರಾಯರ ಸಂಪಾದಕತ್ವದಲ್ಲಿ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಹೊರಟಿತ್ತು. ಗ್ರಂಥಾಲಯವಿಲ್ಲದ ಹೈಸ್ಕೂಲಿಗೂ ಅಂಚೆಯಲ್ಲಿ ಬರುತ್ತಿದ್ದ ಆ ತೆಳು ಪತ್ರಿಕೆ ಕನ್ನಡದಲ್ಲಿ ವಿಜ್ಞಾನ ಬರೆಯಬಹುದು ಎಂಬ ಧೈರ್ಯವನ್ನು ಶಿಕ್ಷಕರಿಗೆ ತುಂಬಿತ್ತು. ಆ ಧೈರ್ಯವಿಲ್ಲದೆ ಹಳ್ಳಿ ಶಾಲೆಯ ಮಕ್ಕಳಿಂದ ಕನ್ನಡದಲ್ಲಿ ಪ್ರಾಜೆಕ್ಟ್ ವರದಿ ಬರೆಸುವುದು ಆಗುತ್ತಿರಲಿಲ್ಲ.

ಸಮಾವೇಶದ ನಿಯಮಗಳನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದರ ಗುಣವೆಲ್ಲ ನಿಯಮಗಳಲ್ಲೇ ಇದೆ. 10ರಿಂದ 17 ವರ್ಷದವರು ಯಾರೂ ಸೇರಬಹುದು. ಶಾಲೆ ಬಿಟ್ಟ ಮಗುವಿಗೂ ಅಡ್ಡಿಯಿಲ್ಲ. ಕಿರಿಯರದು, ಹಿರಿಯರದು ಎಂದು ಎರಡು ವಿಭಾಗ. ಎರಡು ವರ್ಷಕ್ಕೊಂದು ಮುಖ್ಯ ವಿಷಯ: 2004–05ರಲ್ಲಿ ಜಲಸಂಪನ್ಮೂಲ, 2006–07ರಲ್ಲಿ ಜೀವವೈವಿಧ್ಯ, 2010–11ರಲ್ಲಿ ಭೂಸಂಪನ್ಮೂಲ, 2012–13ರಲ್ಲಿ ಶಕ್ತಿ, 2014–15ರಲ್ಲಿ ಹವಾಮಾನ, ಹೀಗೆ. ಆ ವಿಷಯದೊಳಗೆ ಸ್ವಂತ ಊರಿನ ಸಮಸ್ಯೆಯೊಂದನ್ನು ಆರಿಸಿ, ಮಾರ್ಗದರ್ಶಿ ಶಿಕ್ಷಕರ ಜತೆ ಕೆಲವು ತಿಂಗಳು ಅಧ್ಯಯನ ಮಾಡಬೇಕು. ದಿನಚರಿಯಂತೆ ಲಾಗ್ ಬುಕ್ ಇಡಬೇಕು. ವರದಿಯ ಜತೆ ನಾಲ್ಕು ಚಾರ್ಟ್. ತೀರ್ಪುಗಾರರ ಮುಂದೆ ಎಂಟು ನಿಮಿಷ ಮಂಡನೆ, ಎರಡು ನಿಮಿಷ ಪ್ರಶ್ನೋತ್ತರ. ಜಿಲ್ಲೆ, ರಾಜ್ಯ, ರಾಷ್ಟ್ರ ಎಂಬ ಮೂರು ಮೆಟ್ಟಿಲು. ರಾಷ್ಟ್ರಮಟ್ಟದಲ್ಲೂ ಮಗು ತನ್ನ ಭಾಷೆಯಲ್ಲೇ ಮಾತಾಡಬಹುದು. 2014ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಸಮಾವೇಶ ನಡೆದಾಗ ನಾಡಿನ ಶಿಕ್ಷಕರಿಗೆ ಈ ವ್ಯವಸ್ಥೆಯ ಪೂರ್ಣ ರೂಪ ಹತ್ತಿರದಿಂದ ಕಾಣಸಿಕ್ಕಿತು.

ಮೊದಲು ಐವರವರೆಗೆ ಒಂದು ತಂಡವಾಗಬಹುದಿತ್ತು. ಆಮೇಲೆ ಅದನ್ನು ಇಬ್ಬರಿಗೆ ಇಳಿಸಿದರು. ಖರ್ಚಿನ ದೃಷ್ಟಿಯಿಂದ ಸರಿಯಿರಬಹುದು. ಹಳ್ಳಿಯ ದೃಷ್ಟಿಯಿಂದ ಐವರ ತಂಡವೇ ಮೇಲು. ಐವರಿದ್ದರೆ ಕೇರಿ, ಓಣಿ, ತಾಂಡಾ, ದೊಡ್ಡಿ ಎಲ್ಲ ಕಡೆಯಿಂದಲೂ ಒಬ್ಬೊಬ್ಬರು ಬರುತ್ತಾರೆ; ಯಾರ ಮನೆಯ ಬಾಗಿಲೂ ಮುಚ್ಚುವುದಿಲ್ಲ. ಇಬ್ಬರೇ ಎಂದಾಗ ತರಗತಿಯ ಮೊದಲ ಇಬ್ಬರೇ ಆಯ್ಕೆಯಾಗುತ್ತಾರೆ.

ಈ ನಿಯಮಗಳು ನಮ್ಮ ಮೂರು ಊರುಗಳಿಗೆ ಎಷ್ಟು ಹೊಂದುತ್ತವೆ ಎಂಬುದು ನೆಲದ ಮೇಲೆ ನಿಂತರೆ ತಿಳಿಯುತ್ತದೆ. ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ದೇವದುರ್ಗ ಮತ್ತು ಮಾನ್ವಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿವೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದಾಗ ರಾಯಚೂರು ಜಿಲ್ಲೆಯದು ಶೇ 60ನ್ನೂ ಮುಟ್ಟಿರಲಿಲ್ಲ. ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಕಡಿಮೆ. ಈ ಅಂಕಿಗಳನ್ನು ಹಿಡಿದು ನಮ್ಮ ಮಕ್ಕಳನ್ನು ಕನಿಕರದಿಂದ ನೋಡುವವರೇ ಹೆಚ್ಚು. ಆದರೆ ಸ್ಥಳೀಯ ಸಮಸ್ಯೆಯನ್ನು ಅಧ್ಯಯನ ಮಾಡಬೇಕೆಂಬ ಸ್ಪರ್ಧೆಯಲ್ಲಿ ಇಲ್ಲಿನ ಹುಡುಗರಿಗೆ ಇರುವಷ್ಟು ಸಾಮಗ್ರಿ ಬೇರೆಯವರಿಗಿಲ್ಲ.

ದೇವದುರ್ಗದಿಂದಲೇ ಶುರು ಮಾಡೋಣ. ಗ್ರಾನೈಟ್, ನೈಸ್ ಬಂಡೆಗಳ ಈ ನೆಲದಲ್ಲಿ ಬೋರ್‌ವೆಲ್ ಆಳಕ್ಕೆ ಇಳಿದಷ್ಟೂ ನೀರಿನಲ್ಲಿ ಫ್ಲೋರೈಡ್ ಹೆಚ್ಚುವ ಸಂಭವವಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ಮಿತಿ. ಇದನ್ನು ಅಳೆಯಲು ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ. ಬಣ್ಣ ಬದಲಿಸುವ ರಾಸಾಯನಿಕದ ಸಣ್ಣ ಕಿಟ್ ಸಾಕು. ಇನ್ನೂ ದೊಡ್ಡ ಸಾಕ್ಷಿ ಮಕ್ಕಳ ಬಾಯಲ್ಲೇ ಇದೆ. ಕಾಯಂ ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಕುಡಿದ ನೀರಿನ ಫ್ಲೋರೈಡ್ ಹಲ್ಲಿನ ಮೇಲೆ ಬಿಳಿ ಮಚ್ಚೆಯಾಗಿ, ಕಂದು ಗೆರೆಯಾಗಿ ನಿಲ್ಲುತ್ತದೆ. ಹಾಗಾಗಿ ಹತ್ತನೇ ತರಗತಿಯ ಹುಡುಗಿಯ ಮುಂಬದಿಯ ಹಲ್ಲು ಇಂದಿನ ನೀರಿನದಲ್ಲ, ಹಿಂದಿನ ನೀರಿನ ದಾಖಲೆ. ಊರಿಗೆ ಶುದ್ಧ ನೀರಿನ ಘಟಕ ಬಂದ ವರ್ಷವನ್ನು ಪಂಚಾಯ್ತಿಯಿಂದ ಬರೆದುಕೊಂಡು, ಒಂದನೇ ತರಗತಿಯಿಂದ ಹತ್ತರವರೆಗಿನ ಮಕ್ಕಳ ಹಲ್ಲುಗಳನ್ನು ತರಗತಿವಾರು ನೋಡಿದರೆ ಘಟಕದಿಂದ ಉಪಯೋಗವಾಯಿತೋ ಇಲ್ಲವೋ ಎಂಬುದು ಕಾಣುತ್ತದೆ. ಬೆಂಗಳೂರಿಗೆ ಗುಳೆ ಹೋಗಿ ಬಂದ ಕುಟುಂಬಗಳ ಮಕ್ಕಳನ್ನು ಬೇರೆ ಪಟ್ಟಿ ಮಾಡಬೇಕು, ಏಕೆಂದರೆ ಅವರು ಆ ವಯಸ್ಸಿನಲ್ಲಿ ಬೇರೆ ನೀರು ಕುಡಿದಿರುತ್ತಾರೆ. ಈ ಎಚ್ಚರ ಊರಿನ ಮಕ್ಕಳಿಗೆ ಸಹಜವಾಗಿ ಇರುತ್ತದೆ. ಹೊರಗಿನ ಸಂಶೋಧಕನಿಗೆ ಯಾರೋ ಹೇಳಿಕೊಡಬೇಕು. ಘಟಕದಿಂದ ಹೊರಬೀಳುವ ತ್ಯಾಜ್ಯ ನೀರು ಎಲ್ಲಿಗೆ ಹೋಗುತ್ತದೆ, ಅದು ಮತ್ತೆ ಯಾರ ಬಾವಿ ಸೇರುತ್ತದೆ ಎಂಬುದು ಇದರ ಮುಂದಿನ ಪ್ರಾಜೆಕ್ಟ್.

ಮಾನ್ವಿಯ ಪ್ರಶ್ನೆ ನಾಲೆಯದು. ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗದ ರೈತರು ಎಂದರೆ ಮಾನ್ವಿ, ರಾಯಚೂರು ಕಡೆಯವರು. ಜಲಾಶಯ ಕಟ್ಟಿದಾಗ 133 ಟಿಎಂಸಿ ಅಡಿಯಷ್ಟಿದ್ದ ಸಾಮರ್ಥ್ಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. ಮೇಲ್ಭಾಗದಲ್ಲಿ ನೆಲ್ಲು ಬೆಳೆಯಲು ನೀರು ನಿಲ್ಲಿಸಿಕೊಂಡರೆ ಕೆಳಗೆ ಗೇಜ್, ಅಂದರೆ ನಾಲೆಯ ನೀರಿನ ಮಟ್ಟ, ಬೀಳುತ್ತದೆ. ಮೈಲ್ 104ರಲ್ಲಿ ಗೇಜ್ ಕಾಯಬೇಕೆಂದು ಪ್ರತಿ ಹಂಗಾಮಿನಲ್ಲೂ ಧರಣಿಗಳಾಗುತ್ತವೆ. ಇದು ದೊಡ್ಡವರ ಜಗಳ, ಮಕ್ಕಳಿಗೇನು ಸಂಬಂಧ ಎನ್ನುವವರಿದ್ದಾರೆ. ಆದರೆ ಉಪಕಾಲುವೆಯ ತೂಬಿನ ಬಳಿ ದಿನವೂ ಒಂದೇ ಹೊತ್ತಿಗೆ ಅಳತೆಕೋಲಿನಿಂದ ನೀರಿನ ಮಟ್ಟ ಬರೆದಿಡುವುದು ಎಂಟನೇ ತರಗತಿಯ ಹುಡುಗನಿಗೂ ಸಾಧ್ಯ. ಮೂರು ತಿಂಗಳ ಆ ಬರಹ ಯಾವ ಭಾಷಣಕ್ಕಿಂತಲೂ ಗಟ್ಟಿಯಾದ ದಾಖಲೆ. ನೆಲ್ಲಿನ ಹುಲ್ಲು ಸುಡುವುದು, ಗದ್ದೆಯ ನೀರಿನಿಂದ ಎರಿ ಭೂಮಿ ಸವುಳಾಗುವುದು, ನಾಲೆ ಬಂದ ಮೇಲೆ ಜೋಳ, ನವಣೆ ಕಾಣೆಯಾಗಿ ಊಟದ ತಟ್ಟೆ ಬದಲಾದದ್ದು, ಇವೆಲ್ಲ ಇದೇ ತಾಲ್ಲೂಕಿನ ವಿಷಯಗಳು. ಅಜ್ಜಿಯಂದಿರನ್ನು ಕೇಳಿ ಬೆಳೆ ಪಟ್ಟಿ ಮಾಡುವ ಕೆಲಸಕ್ಕಂತೂ ಪೈಸೆಯ ಖರ್ಚಿಲ್ಲ.

ರಾಯಚೂರು ನಗರದಲ್ಲಿ 2022ರ ಮೇ ಕೊನೆ ಮತ್ತು ಜೂನ್‌ನಲ್ಲಿ ಆದದ್ದನ್ನು ಮರೆಯುವಂತಿಲ್ಲ. ನಲ್ಲಿಯ ಕಲುಷಿತ ನೀರು ಕುಡಿದು ಅನೇಕರು ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು, ಸಾವುಗಳೂ ಸಂಭವಿಸಿದವು; ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ವಯಂಪ್ರೇರಣೆಯಿಂದ ಪ್ರಕರಣ ಕೈಗೆತ್ತಿಕೊಂಡಿತು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಹರಿಯುವ ಜಿಲ್ಲೆಯ ಕೇಂದ್ರದಲ್ಲಿ ನಲ್ಲಿ ನೀರು ಜೀವ ತೆಗೆದದ್ದು ನಮ್ಮೆಲ್ಲರ ನೋವು. ನೀರಿನಲ್ಲಿ ಮಲದ ಕಲ್ಮಶ ಬೆರೆತಿದೆಯೇ ಎಂದು ತಿಳಿಯಲು ಎಚ್‌ಟುಎಸ್ ಸೀಸೆ ಎಂಬ ಸರಳ ಉಪಕರಣವಿದೆ. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟಾಗ ನೀರು ಕಪ್ಪಾದರೆ ಅಪಾಯದ ಸೂಚನೆ. ನಲ್ಲಿಯ ಕೊನೆಯಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ನೋಡಲು ಕೆಲವು ಹನಿ ದ್ರಾವಣ ಸಾಕು, ಹಳದಿ ಬಣ್ಣ ಬಂದರೆ ಕ್ಲೋರಿನ್ ಇದೆ. ನಗರದ ಪ್ರತಿ ಹೈಸ್ಕೂಲು ತನ್ನ ಸುತ್ತಲಿನ ಬಡಾವಣೆಯ ಹತ್ತು ನಲ್ಲಿಗಳನ್ನು ಮಳೆಗಾಲಕ್ಕೆ ಮೊದಲು, ನಡುವೆ, ನಂತರ ಪರೀಕ್ಷಿಸುವ ಪದ್ಧತಿ ಇದ್ದರೆ ಎಚ್ಚರಿಕೆಯ ಗಂಟೆ ಮೊದಲೇ ಹೊಡೆದೀತು. ನಗರದ ಹತ್ತಿರದ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ಉತ್ಪಾದಿಸುತ್ತಿರುವ ಶಾಖೋತ್ಪನ್ನ ಕೇಂದ್ರದ ಹಾರುಬೂದಿ, ಅಕ್ಕಿ ಗಿರಣಿಗಳ ಹೊಟ್ಟು, ಹತ್ತಿ ಜಿನ್ನಿಂಗ್ ಕಾರ್ಖಾನೆಗಳ ನೂಲುದೂಳು, ಏಪ್ರಿಲ್‌ನಲ್ಲಿ ತಗಡಿನ ಚಾವಣಿಯ ತರಗತಿಯೊಳಗಿನ ಉಷ್ಣಾಂಶ, ನಗರದ ಮಕ್ಕಳಿಗೆ ಅಳೆಯಲು ಬೇಕಾದಷ್ಟಿದೆ.

ಇಷ್ಟೆಲ್ಲ ಸಾಮಗ್ರಿ ಇದ್ದೂ ಹಳ್ಳಿ ಶಾಲೆಗಳಿಂದ ತಂಡಗಳು ಸರಾಗವಾಗಿ ಏಕೆ ಬರುವುದಿಲ್ಲ? ಶಿಕ್ಷಕರ ಕೊರತೆ ಒಂದು ಕಾರಣ, ಅದನ್ನು ಎಲ್ಲರೂ ಹೇಳುತ್ತಾರೆ. ಹೆಚ್ಚು ಮಂದಿ ಗಮನಿಸದ ಕಾರಣ ಕ್ಯಾಲೆಂಡರಿನಲ್ಲಿದೆ. ಸಮಾವೇಶದ ಜಿಲ್ಲಾ ಹಂತ ಸಾಮಾನ್ಯವಾಗಿ ಅಕ್ಟೋಬರ್, ನವೆಂಬರ್‌ನಲ್ಲಿ ಬರುತ್ತದೆ. ದೇವದುರ್ಗ, ಮಾನ್ವಿ, ರಾಯಚೂರು ಹೊಲಗಳಲ್ಲಿ ಹತ್ತಿ ಬಿಡಿಸುವ ಕೆಲಸ ಶುರುವಾಗುವುದೂ ಅದೇ ತಿಂಗಳುಗಳಲ್ಲಿ. ಕೂಲಿ ಆಳು ಸಿಗದ, ಸಿಕ್ಕರೂ ಕೊಡಲು ಹಣವಿಲ್ಲದ ಮನೆಗಳಲ್ಲಿ ಹೆಣ್ಣುಮಕ್ಕಳು ಮೊದಲು ಶಾಲೆ ತಪ್ಪಿಸುತ್ತಾರೆ. ಹತ್ತಿ ಮುಗಿದರೆ ಕೆಲವು ಕುಟುಂಬಗಳು ಗುಳೆ ಹೊರಡುತ್ತವೆ. ಜೂನ್, ಜುಲೈನಲ್ಲಿ ಸಮೀಕ್ಷೆ ಶುರು ಮಾಡಿದ ಹುಡುಗಿ ಮಂಡನೆಯ ದಿನ ಹೊಲದಲ್ಲಿರುತ್ತಾಳೆ. ಬಿಇಒ ಕಚೇರಿಯ ಪಟ್ಟಿಯಲ್ಲಿ ಅದು ‘ಗೈರು’ ಎಂದು ಮಾತ್ರ ದಾಖಲಾಗುತ್ತದೆ. ರಾಜ್ಯಕ್ಕೆಲ್ಲ ಒಂದೇ ದಿನಾಂಕ ಇರಬೇಕಾದ ಅಗತ್ಯ ಜಿಲ್ಲಾ ಹಂತಕ್ಕೆ ಇಲ್ಲ. ನಮ್ಮ ಜಿಲ್ಲೆಯ ಮಂಡನೆಯನ್ನು ಸೆಪ್ಟೆಂಬರಿನೊಳಗೆ, ತಾಲ್ಲೂಕು ಕೇಂದ್ರದಲ್ಲೇ ಮುಗಿಸುವಂತಿದ್ದರೆ ಅರ್ಧ ಕಷ್ಟ ಕಳೆಯುತ್ತದೆ.

ಇನ್ನು ಹಣದ ಮಾತು. ವಿಜ್ಞಾನ ಸಮಾವೇಶ ಪ್ರಮಾಣಪತ್ರ, ಪ್ರಯಾಣ, ಅನುಭವ ಕೊಡುತ್ತದೆ, ವಿದ್ಯಾರ್ಥಿವೇತನ ಕೊಡುವುದಿಲ್ಲ. ಆ ಕೊರತೆಯನ್ನು ಒಂದು ಮಟ್ಟಿಗೆ ತುಂಬಿದ್ದು ಇನ್‌ಸ್ಪೈರ್. 2008ರ ಡಿಸೆಂಬರಿನಲ್ಲಿ ಪ್ರಕಟವಾದ ಈ ಯೋಜನೆಯ ಮೊದಲ ಹಂತದಲ್ಲಿ ಶಾಲೆಯಿಂದ ಆಯ್ಕೆಯಾದ ಮಗುವಿಗೆ 5,000 ರೂಪಾಯಿ ಬರುತ್ತಿತ್ತು. ಅದರಲ್ಲಿ ಮಾದರಿ ತಯಾರಿಸಿ ಜಿಲ್ಲಾ ಪ್ರದರ್ಶನಕ್ಕೆ ತರಬೇಕಿತ್ತು. ಆಗಿನ ಪ್ರದರ್ಶನಗಳನ್ನು ನೋಡಿದವರಿಗೆ ಥರ್ಮೊಕೋಲ್ ಜ್ವಾಲಾಮುಖಿ, ಅಂಗಡಿಯಿಂದ ತಂದ ಗಾಳಿಯಂತ್ರ, ಒಂದೇ ತೆರನ ಮಳೆನೀರು ಕೊಯ್ಲಿನ ಮಾದರಿಗಳ ಸಾಲು ನೆನಪಿರುತ್ತದೆ. ದೋಷ ಮಕ್ಕಳದಲ್ಲ, ಹಣ ಮೊದಲು ಬಂದು ಯೋಚನೆ ಆಮೇಲೆ ಹುಟ್ಟಬೇಕಾದ ಕ್ರಮದ್ದು.

2016ರಲ್ಲಿ ಆ ಕ್ರಮ ತಲೆಕೆಳಗಾಯಿತು. ತಳಮಟ್ಟದ ಆವಿಷ್ಕಾರಗಳನ್ನು ಹುಡುಕುವ ಕೆಲಸದಲ್ಲಿ 2000ರಿಂದ ತೊಡಗಿದ್ದ ರಾಷ್ಟ್ರೀಯ ಆವಿಷ್ಕಾರ ಪ್ರತಿಷ್ಠಾನ ಯೋಜನೆಯ ಪಾಲುದಾರನಾಯಿತು. ಮಾನಕ್ ಎಂಬ ಹೆಸರು ಸೇರಿತು. ಈಗ ಮಗು ಮೊದಲು ಯೋಚನೆಯನ್ನು ಬರೆದು ಕಳಿಸಬೇಕು, ಅದೂ ತನ್ನ ಸುತ್ತಲಿನ ಯಾವುದಾದರೂ ಕಷ್ಟವನ್ನು ನೀಗಿಸುವ ಸ್ವಂತ ಯೋಚನೆ. ದೇಶದಾದ್ಯಂತ 10 ಲಕ್ಷ ಯೋಚನೆಗಳನ್ನು ತರಿಸಿ 1 ಲಕ್ಷವನ್ನು ಆರಿಸುವುದು ಗುರಿ. ಆಯ್ಕೆಯಾದವರ ಬ್ಯಾಂಕ್ ಖಾತೆಗೆ ನೇರವಾಗಿ 10,000 ರೂಪಾಯಿ. ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ಸುಮಾರು 1,000 ಮಂದಿ ರಾಷ್ಟ್ರಮಟ್ಟಕ್ಕೆ, ಅಲ್ಲಿ 60 ಮಂದಿಗೆ ಪ್ರಶಸ್ತಿ. ಆರರಿಂದ ಹತ್ತನೇ ತರಗತಿಯವರಿಗಿದ್ದ ಇದು ಈಗ ಪಿಯು ಮಕ್ಕಳಿಗೂ ತೆರೆದಿದೆ. ಅವ್ವ ಹತ್ತಿ ಬಿಡಿಸುವಾಗ ಬೆರಳು ಗೀರುವುದನ್ನು ನೋಡಿದ ಮಗು, ಅಪ್ಪ ಔಷಧಿ ಹೊಡೆಯುವಾಗ ಮೂಗಿಗೆ ಟವೆಲ್ ಕಟ್ಟಿಕೊಂಡು ಕೆಮ್ಮುವುದನ್ನು ಕೇಳಿದ ಮಗು, ಇಂಥವರಿಗೆ ಈ ಸ್ಪರ್ಧೆ ಹೇಳಿ ಮಾಡಿಸಿದಂತಿದೆ. ತೊಡಕು ಅರ್ಜಿಯಲ್ಲಿದೆ. ಎಲ್ಲವೂ ಆನ್‌ಲೈನ್. ಶಾಲೆ ಮೊದಲು ನೋಂದಣಿಯಾಗಿರಬೇಕು, ಮಗುವಿನ ಹೆಸರಿಗೆ ಬ್ಯಾಂಕ್ ಖಾತೆ ಇರಬೇಕು, ಹೆಸರಿನ ಅಕ್ಷರಗಳು ದಾಖಲೆಗಳಲ್ಲಿ ತಾಳೆಯಾಗಬೇಕು. ಒಬ್ಬ ಆಸಕ್ತ ಶಿಕ್ಷಕರು ಇರುವ ಶಾಲೆಯಿಂದ ವರ್ಷ ವರ್ಷವೂ ಮಕ್ಕಳು ಆಯ್ಕೆಯಾಗುತ್ತಾರೆ. ಆ ಶಿಕ್ಷಕರಿಗೆ ವರ್ಗವಾದರೆ ಶಾಲೆಯ ಹೆಸರೇ ಪಟ್ಟಿಯಿಂದ ಮರೆಯಾಗುತ್ತದೆ.

ವಿದ್ಯಾರ್ಥಿವೇತನ ಎಂದ ಕೂಡಲೇ ನಮ್ಮ ಪಾಲಕರಿಗೆ ನೆನಪಾಗುವುದು ಎನ್‌ಎಂಎಂಎಸ್, ಅಂದರೆ ನ್ಯಾಷನಲ್ ಮೀನ್ಸ್ ಕಮ್ ಮೆರಿಟ್ ಸ್ಕಾಲರ್‌ಶಿಪ್. 2008ರಲ್ಲಿ ಬಂದ ಈ ಯೋಜನೆಯಲ್ಲಿ ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ತರಗತಿ ಮಕ್ಕಳು ಪರೀಕ್ಷೆ ಬರೆಯುತ್ತಾರೆ. ಪಾಲಕರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಕರ್ನಾಟಕದ ಪಾಲು ವರ್ಷಕ್ಕೆ 5,534. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000 ಎಂದರೆ ಕೂಲಿ ಮನೆಯ ಹುಡುಗಿಯ ಮದುವೆ ಮಾತನ್ನು ಮುಂದೂಡಬಲ್ಲ ಮೊತ್ತ. ಈ ಯೋಜನೆ ಉಳಿಯಬೇಕು, ಬೆಳೆಯಬೇಕು. ಆದರೆ ಇದು ಮಗುವನ್ನು ಕೇಳುವುದು 90 ಮಾನಸಿಕ ಸಾಮರ್ಥ್ಯದ ಪ್ರಶ್ನೆ, 90 ಪಠ್ಯದ ಪ್ರಶ್ನೆ. ಊರಿನ ಬಗ್ಗೆ ಒಂದೂ ಇಲ್ಲ.

ಹೊರಗೆ ಬೇರೆ ಮಾದರಿಗಳೂ ನಡೆದಿವೆ. ಅಮೆರಿಕದಲ್ಲಿ ಪ್ರುಡೆನ್ಶಿಯಲ್ ವಿಮಾ ಸಂಸ್ಥೆ 1995ರಲ್ಲಿ ಹೈಸ್ಕೂಲು ಮಕ್ಕಳ ಸಮುದಾಯ ಸೇವೆಗೆಂದೇ ಪ್ರಶಸ್ತಿ ಶುರು ಮಾಡಿತು. ಭಾರತದಲ್ಲಿ ಅದರ ರೂಪ ಪ್ರಮೆರಿಕಾ ಹೆಸರಿನಲ್ಲಿ ಬಂತು. 2009ರಲ್ಲಿ ಅಹಮದಾಬಾದಿನ ರಿವರ್‌ಸೈಡ್ ಶಾಲೆಯ ಕಿರಣ್ ಬೀರ್ ಸೇಥಿ ಆರಂಭಿಸಿದ ‘ಡಿಸೈನ್ ಫಾರ್ ಚೇಂಜ್’ ಅನೇಕ ದೇಶಗಳಿಗೆ ಹರಡಿದೆ. ಇವೆರಡರ ಗುಣವೆಂದರೆ, ಯೋಚನೆಗಲ್ಲ, ಮಾಡಿ ತೋರಿಸಿದ ಕೆಲಸಕ್ಕೆ ಬೆಲೆ. ನಮ್ಮ ಹಳ್ಳಿಯ ಸರ್ಕಾರಿ ಶಾಲೆಗಳವರೆಗೆ ಇವು ಬರಲಿಲ್ಲ ಎಂಬುದು ಕೊರತೆ. ಆದರೆ ಆ ಗುಣವನ್ನು ತರಲು ಹೊರಗೇ ಹೋಗಬೇಕಿಲ್ಲ, ಏಕೆಂದರೆ ಮಾಡಿ ತೋರಿಸುವ ವೇದಿಕೆಯೊಂದು ಕರ್ನಾಟಕದಲ್ಲೇ ಹುಟ್ಟಿದೆ.

ಅದು ಮಕ್ಕಳ ಗ್ರಾಮಸಭೆ. ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲಿ ದುಡಿಯುವ ಮಕ್ಕಳ ‘ಭೀಮ ಸಂಘ’ದ ಜತೆ ಕೆಲಸ ಮಾಡಿದ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಮಕ್ಕಳ ಪಂಚಾಯ್ತಿಗಳನ್ನು ಕಟ್ಟಿತು. ಮಕ್ಕಳು ತಮ್ಮ ಊರಿನ ಕಾಲುಸಂಕ, ಸೌದೆ, ಶಾಲೆಯ ದೂರ ಇವನ್ನು ತಾವೇ ಸಮೀಕ್ಷೆ ಮಾಡಿ ಪಂಚಾಯ್ತಿಯ ಮುಂದಿಟ್ಟರು. ಆ ಅನುಭವದ ಬಲದ ಮೇಲೆ 2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯ್ತಿಗಳಲ್ಲೂ ಮಕ್ಕಳ ಗ್ರಾಮಸಭೆ ನಡೆಯಬೇಕೆಂದು ಸುತ್ತೋಲೆ ಹೊರಡಿಸಿತು. ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ್ದೂ 2006–07ರಲ್ಲೇ. ದೂರದ ದೊಡ್ಡಿಗಳಿಂದ ಹೈಸ್ಕೂಲಿಗೆ ಬರುವ ಹೆಣ್ಣುಮಕ್ಕಳು ಮೊದಲ ಬಾರಿಗೆ ಸ್ವಂತ ಚಕ್ರದ ಮೇಲೆ ಬಂದದ್ದು, ಸಭೆಯಲ್ಲಿ ಎದ್ದು ಮಾತಾಡಲು ಕಲಿತದ್ದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ.

ಸಭೆ ಈಗ ನವೆಂಬರ್ 14ರ ಆಸುಪಾಸಿನಿಂದ ಜನವರಿಯವರೆಗೆ ನಡೆಯುತ್ತದೆ. ಮಕ್ಕಳು ಶೌಚಾಲಯ, ಕಾಂಪೌಂಡು, ಬಸ್ಸು, ಆಟದ ಬಯಲು, ಮದ್ಯದ ಅಂಗಡಿ ಇವುಗಳ ಬಗ್ಗೆ ಕೇಳುತ್ತಾರೆ. ಪಿಡಿಒ ಬರೆದುಕೊಳ್ಳುತ್ತಾರೆ. ಮುಂದಿನ ವರ್ಷದ ಸಭೆಯಲ್ಲಿ ಹಿಂದಿನ ವರ್ಷದ ಬೇಡಿಕೆಗಳು ಏನಾದವು ಎಂಬ ಪಾಲನಾ ವರದಿ ಓದಬೇಕು. ಓದುವ ಪಂಚಾಯ್ತಿಗಳಿವೆ, ಬಾಳೆಹಣ್ಣು ಬಿಸ್ಕಿಟ್ ಕೊಟ್ಟು ಫೋಟೊ ತೆಗೆದು ಕಳಿಸುವ ಪಂಚಾಯ್ತಿಗಳೂ ಇವೆ.

ಈಗ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ವಿಜ್ಞಾನ ಸಮಾವೇಶದಲ್ಲಿ ಊರಿನ ಬಗ್ಗೆ ಗಟ್ಟಿ ಮಾಹಿತಿ ಇದೆ. ಅದನ್ನು ಕೇಳಬೇಕಾದ ಪಂಚಾಯ್ತಿ ಅಲ್ಲಿಲ್ಲ, ತೀರ್ಪುಗಾರರಷ್ಟೇ ಇದ್ದಾರೆ. ಮಕ್ಕಳ ಗ್ರಾಮಸಭೆಯಲ್ಲಿ ಕೇಳಬೇಕಾದವರು ಇದ್ದಾರೆ. ಬಹಳ ಸಲ ಮಾಹಿತಿ ಇರುವುದಿಲ್ಲ, ಬೇಡಿಕೆ ಮಾತ್ರ ಇರುತ್ತದೆ. ಇನ್‌ಸ್ಪೈರ್, ಎನ್‌ಎಂಎಂಎಸ್‌ನಲ್ಲಿ ಹಣವಿದೆ. ಊರಿಗೆ ಮರಳುವ ದಾರಿ ಇಲ್ಲ. ಫ್ಲೋರೈಡ್ ಅಳೆದ ಹುಡುಗಿಯ ಲಾಗ್ ಬುಕ್ ಸ್ಪರ್ಧೆ ಮುಗಿದ ಮೇಲೆ ಶಾಲೆಯ ಅಲಮಾರಿನಲ್ಲಿ ಉಳಿದು, ಒಂದೆರಡು ವರ್ಷಕ್ಕೆ ರದ್ದಿಗೆ ಹೋಗುತ್ತದೆ. ಮೂವತ್ತು ವರ್ಷಗಳಲ್ಲಿ ನಮ್ಮ ಮಕ್ಕಳು ಬರೆದ ವರದಿಗಳು ಒಂದೆಡೆ ಇದ್ದಿದ್ದರೆ ಈ ಜಿಲ್ಲೆಯ ನೀರು, ಬೆಳೆ, ಆಹಾರ, ಹವೆಯ ಬಗ್ಗೆ ಯಾವ ಇಲಾಖೆಯ ಬಳಿಯೂ ಇಲ್ಲದ ದಾಖಲೆ ಕೈಯಲ್ಲಿರುತ್ತಿತ್ತು. ರಾಷ್ಟ್ರಮಟ್ಟಕ್ಕೆ ಎಷ್ಟು ಮಂದಿ ಹೋದರು ಎಂಬುದನ್ನೇ ಸಾಧನೆ ಎಂದು ಎಣಿಸಿದ್ದು ನಾವು ಶಿಕ್ಷಕರು, ಸಂಘಟಕರು ಒಟ್ಟಾಗಿ ಮಾಡಿದ ತಪ್ಪೆಣಿಕೆ. ಮಗುವಿನ ವರದಿಯಿಂದ ಒಂದು ಕೈಪಂಪಿಗೆ ಕೆಂಪು ಬಣ್ಣ ಬಳಿದು ‘ಕುಡಿಯಲು ಯೋಗ್ಯವಲ್ಲ’ ಎಂದು ಬರೆದಿದ್ದರೆ, ಆ ವರದಿ ಜಿಲ್ಲಾ ಹಂತದಲ್ಲೇ ಸೋತಿದ್ದರೂ, ಅದೇ ಗೆದ್ದ ವರದಿ.

ಇದನ್ನು ಸರಿಪಡಿಸಲು ಹೊಸ ಯೋಜನೆಯ ಅಗತ್ಯವಿಲ್ಲ, ಇರುವವನ್ನು ಬೆಸೆದರೆ ಸಾಕು. ಈ ಸಂಚಿಕೆ ಮುಖ್ಯ ಗುರುಗಳ, ಪಂಚಾಯ್ತಿ ಸದಸ್ಯರ, ದತ್ತಿ ಇಡುವ ಹಿರಿಯರ ಕೈಗೆ ಹೋಗುವುದರಿಂದ ಅವರಿಗೆ ನೇರವಾಗಿ ಕೇಳಿಕೊಳ್ಳುತ್ತೇನೆ. ಮುಖ್ಯ ಗುರುಗಳೇ, ನಿಮ್ಮ ಶಾಲೆಯ ಪ್ರಾಜೆಕ್ಟ್ ವರದಿಯ ಒಂದು ಪ್ರತಿಯನ್ನು ಸ್ಪರ್ಧೆಗೆ ಕಳಿಸುವ ದಿನವೇ ಗ್ರಾಮ ಪಂಚಾಯ್ತಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಆ ವರ್ಷದ ಮಕ್ಕಳ ಗ್ರಾಮಸಭೆಯಲ್ಲಿ ಅದನ್ನು ಬರೆದ ಮಗುವಿನಿಂದಲೇ ಓದಿಸಿ. ಇನ್ನೊಂದು ಪ್ರತಿಯನ್ನು ಯರಮರಸ್‌ನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ (ಡಯಟ್) ಕಳಿಸಿ. ಮೂರು ಊರುಗಳ ವರದಿಗಳು ಅಲ್ಲಿ ಒಂದೆಡೆ ಸೇರಲಿ. ಪಂಚಾಯ್ತಿಯವರೇ, ಮಗು ಓದಿದ ಅಂಕಿಗೆ ಉತ್ತರವನ್ನು ಪಾಲನಾ ವರದಿಯಲ್ಲಿ ಬರೆಯಿರಿ. ತಂದೆತಾಯಿಯ ಹೆಸರಿನಲ್ಲಿ ದತ್ತಿ ಇಡುವ ಹಿರಿಯರೇ, ಹೆಚ್ಚು ಅಂಕಕ್ಕೆ ಕೊಡುವ ಬಹುಮಾನಗಳು ಬೇಕಾದಷ್ಟಿವೆ. ನಿಮ್ಮ ಹಣವನ್ನು ಎಂಟನೇ ತರಗತಿಯಲ್ಲಿ ಶುರು ಮಾಡಿದ ಊರಿನ ಅಧ್ಯಯನವನ್ನು ಹತ್ತರವರೆಗೆ ಬಿಡದೆ ಮುಂದುವರಿಸಿದ ಮಗುವಿಗೆ, ಮೂರು ವರ್ಷದ ವಿದ್ಯಾರ್ಥಿವೇತನವಾಗಿ ಕೊಡಿ. ಹಳೆಯ ವಿದ್ಯಾರ್ಥಿಗಳ ಮನೆಯಲ್ಲಿ ಆ ಕಾಲದ ಲಾಗ್ ಬುಕ್, ಚಾರ್ಟ್, ವರದಿ ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ, ನಿಮ್ಮ ಶಾಲೆಗೆ ತಂದುಕೊಡಿ.